ಬೆರಳು ಚಾಚಿ ಕೂಗುತ್ತಿದ್ದವರು

ಅವರು ತೀರಿಕೊಂಡ ಸುದ್ದಿಯನ್ನು ಅವರ ಮಗಳು ಒಂದೇ ಸಾಲಿನ ಸಂದೇಶದಲ್ಲಿ ತಿಳಿಸಿದಳು. ನಾನು ಆಗ ಟಿಲ್‌ಬರ್ಗ್ ಸ್ಟೇಷನ್ನಿನ ಕೆಳಗೆ ಸೈಕಲ್ಲಿಗೆ ಬೀಗ ಹಾಕುತ್ತಿದ್ದೆ. ಓದಿದೆ. ಫೋನನ್ನು ಜೇಬಿಗೆ ಹಾಕಿದೆ. ಬೀಗದ ಕಡೆಗೆ ಬೆರಳು ಚಾಚಿ, ‘ಬೀಗ ಬಿದ್ದೈತಿ’ ಎಂದು ಗಟ್ಟಿಯಾಗಿ ಹೇಳಿದೆ. ಪಕ್ಕದಲ್ಲಿದ್ದ ಡಚ್ ಹೆಂಗಸು ಒಮ್ಮೆ ನನ್ನ ಮುಖ ನೋಡಿ ತನ್ನ ಸೈಕಲ್ ತಳ್ಳಿಕೊಂಡು ಹೋದಳು. ಈ ಚಟ ನನ್ನದಲ್ಲ, ಅವರದು. ನನಗೆ ಅಂಟಿಕೊಂಡಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಂಪನಿಯ ಕಾಗದದಲ್ಲಿ ಆ ಹೆಸರಿನ ಪಕ್ಕದಲ್ಲಿ ಒಂದು ಸುಳ್ಳು ಕೂತಿದೆ. ಅದನ್ನು ಅಲ್ಲಿ ಕೂರಿಸಿದವಳು ನಾನು. ಅದು ಏಳುವ ತನಕ ಆ ಹೆಸರನ್ನು ಇನ್ನೊಂದು ಕಡೆ ಬರೆಯುವ ಅಧಿಕಾರ ನನಗಿಲ್ಲ ಅನಿಸಿದೆ.

ಜಪಾನಿನವರು. ಎತ್ತರದ ಗೋದಾಮುಗಳಲ್ಲಿ ಮನುಷ್ಯರಿಲ್ಲದೆ ಓಡಾಡಿ ಸರಕು ಇಡುವ, ತೆಗೆಯುವ ಕ್ರೇನುಗಳನ್ನು ಮಾಡುವ ಕಂಪನಿ ಅವರನ್ನು ಇಪ್ಪತ್ತು ವರ್ಷದ ಹಿಂದೆ ಇಲ್ಲಿಗೆ, ನೆದರ್‌ಲ್ಯಾಂಡ್ಸಿಗೆ, ಕಳಿಸಿತ್ತು. ಎರಡು ವರ್ಷಕ್ಕೆಂದು ಬಂದವರು ಉಳಿದೇಬಿಟ್ಟರು. ಹೆಂಡತಿ ಇಲ್ಲೇ ತೀರಿಕೊಂಡರು, ಮಗಳು ಇಲ್ಲೇ ಬೆಳೆದಳು. ನಾನು ಟಿಲ್‌ಬರ್ಗ್‌ನ ಆ ಕಂಪನಿಯ ಗೋದಾಮಿಗೆ ಎಂಜಿನಿಯರ್ ಆಗಿ ಸೇರಿದಾಗ ಅವರು ಅಲ್ಲಿ ಸುರಕ್ಷತೆ ನೋಡಿಕೊಳ್ಳುವ ಹಿರಿಯರಾಗಿದ್ದರು. ಸಣ್ಣ ಆಳು, ಕತ್ತರಿಸಿಟ್ಟ ಹಾಗಿದ್ದ ಬಿಳಿ ಕೂದಲು, ಇಸ್ತ್ರಿ ಮಾಡಿದ ಕೆಲಸದ ಕೋಟು.

ಅವರದೊಂದು ಪದ್ಧತಿ ಇತ್ತು. ಏನನ್ನಾದರೂ ಪರೀಕ್ಷಿಸಿದರೆ ಕಣ್ಣಿನಲ್ಲಿ ನೋಡಿ ಸುಮ್ಮನಾಗುವುದಿಲ್ಲ. ತೋಳು ನೇರ ಚಾಚಿ, ತೋರುಬೆರಳು ಹಿಡಿದು, ನೋಡಿದ್ದನ್ನು ಬಾಯಿಬಿಟ್ಟು ಕೂಗಿ ಹೇಳಬೇಕು. ‘ಗೇಟು ಮುಚ್ಚಿದೆ, ಸರಿ!’ ‘ದೀಪ ಹಸಿರು, ಸರಿ!’ ಅವರ ದೇಶದಲ್ಲಿ ರೈಲು ಓಡಿಸುವವರೆಲ್ಲ ಹೀಗೇ ಮಾಡುತ್ತಾರಂತೆ. ಕಣ್ಣು ದಿನಾ ನೋಡಿದ್ದನ್ನು ನೋಡದೆಯೇ ನೋಡಿದೆ ಅನ್ನುತ್ತದೆ, ಆದರೆ ಬೆರಳು, ಬಾಯಿ, ಕಿವಿ ಮೂರೂ ಸೇರಿ ಸುಳ್ಳು ಹೇಳುವುದು ಕಷ್ಟ, ಅನ್ನುತ್ತಿದ್ದರು. ಗೋದಾಮಿನಲ್ಲಷ್ಟೇ ಅಲ್ಲ. ಊಟದ ಕೋಣೆಯಿಂದ ಎದ್ದು ಹೋಗುವಾಗ ಕುರ್ಚಿಗೆ ಬೆರಳು ಚಾಚಿ ‘ಕುರ್ಚಿ ಒಳಗೆ’ ಅನ್ನುವರು. ಡಚ್ ಹುಡುಗರು ನಗುತ್ತಿದ್ದರು. ನಮ್ಮ ಸಾಫ್ಟ್‌ವೇರ್ ತಂಡದಲ್ಲಿದ್ದ ಮೈಸೂರಿನ ಹರ್ಷನಂತೂ ಅವರನ್ನು ಕಂಡ ಕೂಡಲೇ ನನಗೆ ಮೊಣಕೈ ತಿವಿದು, “ಬಂದ್ರು ನೋಡು ನಿಮ್ಮ ಟ್ರಾಫಿಕ್ ಪೊಲೀಸು. ಹೆಲ್ಮೆಟ್ ಹಾಕ್ಕೊಳೇ ತಾಯಿ, ಫೈನ್ ಹಾಕ್ತಾರೆ” ಅನ್ನುತ್ತಿದ್ದ.

ನಾನು ಗದಗಿನ ಎಪಿಎಂಸಿ ಯಾರ್ಡಿನ ಹಮಾಲರೊಬ್ಬರ ಮಗಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಮೊದಲು ಡಿಪ್ಲೊಮಾ, ಆಮೇಲೆ ಎರಡನೇ ವರ್ಷಕ್ಕೆ ನೇರ ಸೇರಿ ಬಿ.ಇ., ಆಮೇಲೆ ವಿದ್ಯಾರ್ಥಿವೇತನದ ಮೇಲೆ ಈ ದೇಶದ ಎನ್ಸ್‌ಕೆಡೆಯಲ್ಲಿ ಮಾಸ್ಟರ್ಸ್. ಇದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ, ಯಾರೂ ಎತ್ತಿ ಕೊಟ್ಟದ್ದಲ್ಲ. ಆದರೆ ಇಲ್ಲಿನ ಕನ್ನಡದವರ ನಡುವೆ ‘ಅಪ್ಪ ಏನ್ ಮಾಡ್ತಾರೆ’ ಎಂದು ಕೇಳಿದರೆ ‘ಮಾರ್ಕೆಟ್ ಯಾರ್ಡಿನಲ್ಲಿದ್ದಾರೆ’ ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ವ್ಯಾಪಾರಿ ಅಂದುಕೊಳ್ಳುತ್ತಿದ್ದರು, ಅಂದುಕೊಳ್ಳಲಿ ಎಂದು ಬಿಡುತ್ತಿದ್ದೆ.

ಗೋದಾಮಿನಲ್ಲಿ ಮೊದಲ ವಾರವೇ ಅವರು ಅದೇ ಪ್ರಶ್ನೆ ಕೇಳಿದರು. ಯಾಕೋ ಅವರ ಮುಂದೆ ನಿಜ ಹೇಳಿದೆ. “ಚೀಲ ಹೊರುತ್ತಾರೆ.”

“ಒಂದು ಚೀಲ ಎಷ್ಟು ಭಾರ?”

“ಈಗ ಐವತ್ತು ಕಿಲೋ. ಮೊದಲು ನೂರು ಇತ್ತು.”

“ಒಟ್ಟುವುದು ಹೇಗೆ? ಎಲ್ಲ ಒಂದೇ ದಿಕ್ಕಿಗಾ, ಅಡ್ಡ-ಉದ್ದವಾ?”

ನಾನು ಕಾಗದ ತೆಗೆದುಕೊಂಡು ಅಪ್ಪ ಥಪ್ಪಿ ಹಚ್ಚುವ ರೀತಿಯನ್ನು ಬರೆದು ತೋರಿಸಿದೆ. ಒಂದು ಸಾಲು ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ, ಚೀಲದ ಬಾಯಿ ಯಾವಾಗಲೂ ಒಳಗೆ. ಅವರು ಆ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, “ಬಾಯಿ ಒಳಗೆ. ಒಳ್ಳೆಯ ಕೆಲಸಗಾರ” ಎಂದರು. ಹದಿನೆಂಟು ವರ್ಷ ಓದಿದ್ದೇನೆ. ಅಪ್ಪನ ಕೆಲಸದ ಬಗ್ಗೆ ನನ್ನನ್ನು ಹೀಗೆ ಕೇಳಿದ ಮೇಷ್ಟ್ರು ಒಬ್ಬರೂ ಇರಲಿಲ್ಲ.

ಬೆರಳು ಚಾಚಿ ಕೂಗುವುದು ನನಗೆ ಮೊದಮೊದಲು ಬರಲೇ ಇಲ್ಲ. ಇಂಗ್ಲಿಷಿನಲ್ಲಿ ಕೂಗಿದರೆ ನನ್ನ ದನಿ ನನಗೇ ನಾಟಕದ ಹಾಗೆ ಕೇಳುತ್ತಿತ್ತು. “ನಿಮ್ಮ ತಾಯಿ ನಿಮ್ಮನ್ನು ಯಾವ ಭಾಷೆಯಲ್ಲಿ ಬೈಯುತ್ತಾರೋ ಅದರಲ್ಲಿ ಕೂಗಿ” ಎಂದರು. ಅವತ್ತಿನಿಂದ ‘ಹಾದಿ ಖಾಲಿ ಐತಿ!’ ಎಂದು ಕೂಗತೊಡಗಿದೆ. ನಮ್ಮಪ್ಪನೂ ಚೀಲ ಹೊತ್ತುಕೊಂಡು ಕೂಗುತ್ತಾನೆ ಎಂದು ನಾನು ಬಾಯಿತಪ್ಪಿ ಹೇಳಿದ್ದೇ ತಡ, ಒಂದು ಭಾನುವಾರ ಮಧ್ಯಾಹ್ನ ಅವರನ್ನು ವಿಡಿಯೋ ಕರೆಯ ಮುಂದೆ ಕೂರಿಸಬೇಕಾಯಿತು.

“ಏನ್ ಅಂತಾರವಾ ಜಪಾನ್ ಸಾಹೇಬ್ರು?” ಅಪ್ಪ ಕೇಳಿದ.

“ನೀ ಚೀಲಾ ಹೊತ್ಗೊಂಡು ಹೊಂಟಾಗ ಹೆಂಗ ಒದರ್ತಿ, ಅದನ್ನ ತೋರ್ಸು ಅಂತಾರಪ್ಪಾ.”

“ಅದ್ರಾಗ ನೋಡೂದೇನೈತಿ? ಒದರದಿದ್ರ ಮಂದಿ ಮ್ಯಾಲ ಬೀಳ್ತೀವಿ.” ಆದರೂ ಟವೆಲ್ ಸಿಂಬಿ ಸುತ್ತಿ ತಲೆ ಮೇಲಿಟ್ಟುಕೊಂಡು, ಬೆನ್ನು ಬಾಗಿಸಿ, “ಹಾದಿ ಬಿಡ್ರೀ, ಹಾದೀ...” ಎಂದು ಅಂಗಳದ ಈ ತುದಿಯಿಂದ ಆ ತುದಿಗೆ ನಡೆದ. ಇವರು ಇಲ್ಲಿ ಕುರ್ಚಿಯಿಂದ ಎದ್ದು ಫೋನಿನ ಮುಂದೆ ಸೊಂಟದ ತನಕ ಬಾಗಿದರು. ಎದ್ದೇಳಲಿಲ್ಲ ಬಹಳ ಹೊತ್ತು.

“ಅವ್ರಿಗೆ ನಡಾ ಹಿಡ್ಕೊಂತೇನ?” ಅಪ್ಪ ಗಾಬರಿಯಾದ. “ಜಂಡೂ ಬಾಮ್ ಹಚ್ಚು ಅನ್ನವಾ.”

ಜಪಾನನ್ನು ನಾನು ಕಂಡಿಲ್ಲ. ಕಂಡಷ್ಟನ್ನು ಅವರು ನೆದರ್‌ಲ್ಯಾಂಡ್ಸಿನಲ್ಲೇ ತೋರಿಸಿದರು. ಆಮ್‌ಸ್ಟರ್‌ಡ್ಯಾಮ್ ಪಕ್ಕದ ಕಾಡಿನಲ್ಲಿ ಚೆರ್ರಿ ಮರಗಳ ಒಂದು ತೋಪಿದೆ. ಪ್ರತಿ ಮರಕ್ಕೂ ಒಬ್ಬ ಹೆಂಗಸಿನ ಹೆಸರು, ಅರ್ಧ ಮರಗಳಿಗೆ ಜಪಾನಿ ಹೆಸರು, ಅರ್ಧಕ್ಕೆ ಡಚ್. ಅಲ್ಲಿ ಅವರ ಹೆಂಡತಿಯ ಹೆಸರಿನದೂ ಒಂದಿತ್ತು. ಅದರ ಕೆಳಗೆ ನಿಂತು ಆ ವಾರದ ಸಮಾಚಾರವನ್ನೆಲ್ಲ ತಗ್ಗಿದ ದನಿಯಲ್ಲಿ ಒಪ್ಪಿಸುತ್ತಿದ್ದರು, ನಾನು ದೂರ ಹೋಗಿ ನಿಲ್ಲುತ್ತಿದ್ದೆ. ದ ಹೇಗ್‌ನಲ್ಲಿ ಒಂದು ಜಪಾನಿ ತೋಟವಿದೆ. ಹಾವಸೆ ಹಾಳಾಗಬಾರದೆಂದು ವರ್ಷದಲ್ಲಿ ಕೆಲವೇ ವಾರ ಬಾಗಿಲು ತೆಗೆಯುತ್ತಾರೆ. ಟ್ರಾಮ್ ಇಳಿದು ನಡೆದು ಹೋಗಿ ಸಾಲಿನಲ್ಲಿ ನಿಂತೆವು. ಒಳಗೆ ಕಾಲುಹಾದಿಯ ಕಲ್ಲುಗಳು ಏರುಪೇರಾಗಿದ್ದವು. ಬೇಕೆಂದೇ ಹಾಗೆ ಇಟ್ಟಿದ್ದಾರೆ ಎಂದರು. ಎಡವಬಾರದೆಂದು ನೀವು ಕೆಳಗೇ ನೋಡುತ್ತ ನಡೆಯುತ್ತೀರಿ, ಆಮೇಲೆ ಒಂದು ಚಪ್ಪಟೆ ದೊಡ್ಡ ಕಲ್ಲು ಬರುತ್ತದೆ, ಅಲ್ಲಿ ನಿಂತು ತಲೆ ಎತ್ತಿದರೆ ಇಡೀ ಕೊಳ ಕಾಣಬೇಕು. ಇನ್ನೊಂದು ಕವಲಿನಲ್ಲಿ ಕಪ್ಪು ಹಗ್ಗ ಸುತ್ತಿದ ಮುಷ್ಟಿಗಾತ್ರದ ಕಲ್ಲೊಂದು ಹಾದಿಯ ನಡುವೆ ಕೂತಿತ್ತು. ‘ಈ ಕಡೆ ಬರಬೇಡಿ’ ಎಂದು ಅದರ ಅರ್ಥ.

“ಬೋರ್ಡು ಇಲ್ಲ, ಬೇಲಿ ಇಲ್ಲ. ದಾಟಿದರೆ?”

“ದಾಟಬಹುದು. ತುಂಬ ಸುಲಭ.”

“ನಮ್ಮೂರಲ್ಲಿ ಅದೇ ಕಲ್ಲು ತಗೊಂಡು ಹುಣಸೆಕಾಯಿಗೆ ಹೊಡೀತಾರೆ ಸರ್.”

ಅವರು ಜೋರಾಗಿ ನಕ್ಕದ್ದನ್ನು ನಾನು ನೋಡಿದ್ದು ಅವತ್ತು ಒಂದೇ ದಿನ.

ಇನ್ನು ಆ ದಿನದ ವಿಷಯ. ಕ್ರೇನ್ ಓಡಾಡುವ ಪ್ರತಿ ಸಾಲಿಗೂ ಮುಂದೆ ಒಂದು ಗೇಟು, ಹಿಂದೆ ಬೆಂಕಿ ಬಿದ್ದರೆ ಹೊರಗೆ ಓಡಲು ಒಂದು ಬಾಗಿಲು. ಬಾಗಿಲು ತೆರೆದರೆ ಕ್ರೇನ್ ತಾನಾಗಿ ನಿಲ್ಲಬೇಕು. ಏಳನೇ ಸಾಲಿನ ಹಿಂಬಾಗಿಲ ಸೆನ್ಸರ್ ಕೆಟ್ಟು ರಿಪೇರಿಗೆ ಹೋಗಿತ್ತು. ಅದು ಬರುವ ತನಕ ಅವರು ತಾವೇ ಒಂದು ನಿಯಮ ಬರೆದು ಹಚ್ಚಿದ್ದರು. ಕ್ರೇನ್ ಶುರು ಮಾಡುವವರು ಸಾಲಿನ ಬಾಯಿಗೆ ಹೋಗಿ, ಕೊನೆಯ ತನಕ ನೋಡಿ, ಬೆರಳು ಚಾಚಿ, ಕೂಗಬೇಕು. ಪಕ್ಕದ ಸಾಲಿನವರು ಆ ಕೂಗಿಗೆ ಉತ್ತರ ಕೊಡಬೇಕು. ಉತ್ತರ ಬಂದ ಮೇಲೆಯೇ ಗುಂಡಿ ಒತ್ತಬೇಕು.

ಆ ಮಧ್ಯಾಹ್ನ ಗಿರಾಕಿ ಕಂಪನಿಯಿಂದ ನಾಲ್ಕು ಜನ ಸೂಟು ಹಾಕಿಕೊಂಡು ನೋಡಲು ಬಂದಿದ್ದರು. ವಿವರಿಸುವ ಕೆಲಸ ನನಗೆ ಕೊಟ್ಟಿದ್ದರು. ಮೊದಲ ಬಾರಿಗೆ. ಎಂಟನೇ ಸಾಲಿನಲ್ಲಿ ಅವರು ಎಂದಿನಂತೆ ಬೆರಳು ಚಾಚಿ ಕೂಗಿದಾಗ ಸೂಟಿನವರಲ್ಲಿ ಇಬ್ಬರು ಒಬ್ಬರನ್ನೊಬ್ಬರು ನೋಡಿ ತುಟಿ ಕಚ್ಚಿಕೊಂಡರು. ಅದನ್ನು ನಾನು ನೋಡಿದೆ. ಏಳನೇ ಸಾಲಿನಲ್ಲಿ ನನ್ನ ಸರದಿ ಬಂದಾಗ ನನ್ನ ಕೈ ಮೇಲೇಳಲಿಲ್ಲ. ಇಂಥವರ ಮುಂದೆ ಯಾರ್ಡಿನ ಹಮಾಲರ ಹಾಗೆ ಒದರಲೇ ಅನಿಸಿತು. ಇದ್ದದ್ದನ್ನು ಇದ್ದಂತೆ ಬರೆಯುತ್ತಿದ್ದೇನೆ, ಅದೇ ಮಾತು ಮನಸ್ಸಿಗೆ ಬಂದದ್ದು. ಪರೀಕ್ಷೆಯ ಪಟ್ಟಿಯಲ್ಲಿ ‘ಕೂಗಿದೆ’ ಎಂಬಲ್ಲಿ ಗುರುತು ಹಾಕಿದೆ. ಗುಂಡಿ ಒತ್ತಿದೆ.

ಮಾರೆಕ್ ಎಂಬ ಪೋಲೆಂಡಿನ ಮೆಕ್ಯಾನಿಕ್, ಬಿಟ್ಟುಬಂದಿದ್ದ ಸ್ಕ್ಯಾನರ್ ತರಲು ಹಿಂಬಾಗಿಲಿನಿಂದ ಒಳಗೆ ಹೋಗಿದ್ದ. ಹೋಗಬಾರದಾಗಿತ್ತು. ಆದರೆ ಕೂಗು ಕೇಳಿದ್ದರೆ ಅವನು ಉತ್ತರ ಕೊಡುತ್ತಿದ್ದ, ಇಲ್ಲವೇ ಓಡುತ್ತಿದ್ದ. ಹಳಿಗೂ ಚಕ್ರಕ್ಕೂ ನಡುವೆ ಅವನ ಎಡಗಾಲು ಸಿಕ್ಕಿತು. ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ತೆಗೆದರು.

ಆಂಬ್ಯುಲೆನ್ಸ್ ಹೋದ ಮೇಲೆ ಅವರು ನನ್ನ ಹತ್ತಿರ ಬಂದರು. ಕೋಟಿನ ತೋಳಿಗೆ ರಕ್ತವಾಗಿತ್ತು.

“ಕೂಗಿದಿರಾ?”

“ಕೂಗಿದೆ ಸರ್.”

ಅವರು ನನ್ನನ್ನು ನೋಡಿದರು. ಎಂಟನೇ ಸಾಲಿಗೂ ಏಳನೇ ಸಾಲಿಗೂ ನಡುವೆ ಗೋಡೆಯಿಲ್ಲ, ರ್‍ಯಾಕ್ ಅಷ್ಟೇ. ಅವರು ಅಲ್ಲಿಂದ ಕದಲಿರಲಿಲ್ಲ. “ಹಾಗಾ” ಎಂದರು. ಮತ್ತೆ ಯಾವತ್ತೂ ಕೇಳಲಿಲ್ಲ.

ಹರ್ಷ ಆ ಸಂಜೆ ಕ್ಯಾಂಟೀನಿನ ಹಿಂದೆ ಕರೆದುಕೊಂಡು ಹೋಗಿ ಹೇಳಿದ: “ನೋಡು, ನೀನು ಏನ್ ಮಾಡಿದ್ಯೋ ನಂಗ್ ಗೊತ್ತಿಲ್ಲ, ನಂಗ್ ಹೇಳ್ಲೂ ಬೇಡ. ಶೀಟಲ್ಲಿ ಟಿಕ್ ಇದೆ ತಾನೇ? ಅದನ್ನೇ ಹೇಳು. ನಿನ್ ಪರ್ಮಿಟ್ ರಿನ್ಯೂ ಆಗೋದಿದೆ. ಕೆಲ್ಸ ಹೋದ್ರೆ ಇಲ್ಲಿ ಮೂರ್ ತಿಂಗ್ಳು ಟೈಮು, ಆಮೇಲೆ ಸೀದಾ ಗದಗ.” ಅವನ ಮೇಲೆ ಹೊರಿಸುವುದಿಲ್ಲ. ಅವನು ಹೇಳುವ ಮೊದಲೇ ನಾನು ಸುಳ್ಳು ಹೇಳಿಯಾಗಿತ್ತು.

ವಿಚಾರಣೆಯಲ್ಲಿ ಮೊದಲು ನನ್ನನ್ನು ಕೇಳಿದರು. ‘ನೋಡಿದೆ, ಕೂಗಿದೆ’ ಎಂದು ಸಹಿ ಮಾಡಿದೆ. ಆಮೇಲೆ ಅವರನ್ನು ಕೇಳಿದರು. ಅವರು ಎದ್ದು ನಿಂತು ಹೇಳಿದ್ದು ಇಷ್ಟು: “ಪಕ್ಕದ ಸಾಲಿನವರು ಉತ್ತರ ಕೊಡಬೇಕು ಎಂಬ ನಿಯಮ ನನ್ನದು. ಪಕ್ಕದ ಸಾಲಿನಲ್ಲಿದ್ದವನು ನಾನು. ನಾನು ಉತ್ತರ ಕೊಡಲಿಲ್ಲ. ಈ ತಪ್ಪಿಗೆ ನಾನು ಹೊಣೆ.”

ಅದರಲ್ಲಿ ಒಂದೂ ಸುಳ್ಳು ಪದವಿಲ್ಲ. ಉತ್ತರ ಕೊಡಲಿಲ್ಲ ನಿಜ. ಕೂಗೇ ಇರಲಿಲ್ಲ. ಅಲ್ಲಿದ್ದ ಡಚ್ಚರಿಗೆ ಅದು ತಪ್ಪೊಪ್ಪಿಗೆಯಾಗಿ ಕೇಳಿಸಿತು, ಬರೆದುಕೊಂಡರು. ನಾನು ಎದುರಿಗೆ ಕೂತಿದ್ದೆ. ಬಾಯಿ ತೆರೆಯಲು ಅರ್ಧ ನಿಮಿಷ ಸಮಯವಿತ್ತು. ಮಗಳು ಎಂಜಿನಿಯರ್ ಎಂದು ಯಾರ್ಡಿಗೆಲ್ಲ ಪೇಢೆ ಹಂಚಿದ್ದ ಅಪ್ಪ ಕಣ್ಣಮುಂದೆ ಬಂದ. ಆ ಅರ್ಧ ನಿಮಿಷ ಹೋಯಿತು.

ಅವರು ಕೆಲಸ ಬಿಡಬೇಕಾಯಿತು. ಕೊನೆಯ ದಿನ ಅವರಿಗೆ ಕೇಕೂ ಇರಲಿಲ್ಲ, ಭಾಷಣವೂ ಇರಲಿಲ್ಲ. ಲಾಕರಿನ ಒಂದೊಂದೇ ಅರೆಯನ್ನು ಒರೆಸಿ, ಬೆರಳು ಚಾಚಿ, ‘ಖಾಲಿ’ ‘ಖಾಲಿ’ ಎಂದು ಹೇಳಿ ಮುಗಿಸಿ ಹೋದರಂತೆ. ನಾನು ಆ ದಿನ ರಜೆ ಹಾಕಿದ್ದೆ. ಅವರ ಜಾಗಕ್ಕೆ ಬಂದವರು ಕೂಗುವ ನಿಯಮವನ್ನು ತೆಗೆದುಹಾಕಿದರು. ನನ್ನ ಪರ್ಮಿಟ್ ಐದು ವರ್ಷಕ್ಕೆ ನವೀಕರಣವಾಯಿತು. ಅಪ್ಪನಿಗೆ ಫೋನ್ ಮಾಡಿದರೆ ಅವನು ಕೇಳಿದ್ದು, “ಜಪಾನ್ ಸಾಹೇಬ್ರು ಆರಾಮದಾರಿಲ್ಲ?” ಆರಾಮದಾರಪ್ಪಾ, ಎಂದೆ.

ಅವರು ನನ್ನನ್ನು ಬಿಡಲಿಲ್ಲ. ಮುಂದಿನ ವಸಂತಕ್ಕೆ ಒಂದು ಕಾರ್ಡು ಬಂತು: ತೋಟ ತೆರೆದಿದೆ. ಏನೋ ನೆವ ಹೇಳಿದೆ. ಅದರ ಮುಂದಿನ ವರ್ಷ ಮತ್ತೆ ಬಂತು. ಈ ಸಲ ಹೇಳಿಯೇ ಬಿಡಬೇಕೆಂದು ಹೋದೆ. ಅವರು ಅರ್ಧಕ್ಕರ್ಧ ಇಳಿದುಹೋಗಿದ್ದರು. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆಯುತ್ತಿದ್ದರು. ಶ್ವಾಸಕೋಶದ ಕ್ಯಾನ್ಸರ್ ಎಂದು, ಟ್ರಾಮ್ ತಡವಾಗಿದೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದರು. ತೋಟದ ಹೊರಗಿನ ಬೆಂಚಿನ ಮೇಲೆ ಕೂತೆವು. ಗೋದಾಮಿನ ಮಾತು ಅವರೇ ಎತ್ತಿದರು.

“ಈಗ ಕೂಗುವುದಿಲ್ಲವಂತೆ.”

“ಇಲ್ಲ ಸರ್.”

“ಜನಕ್ಕೆ ನಾಚಿಕೆಯಾಗುತ್ತದೆ. ನಾಚಿಕೆಯಾಗದ ಹಾಗೆ ಕಲಿಸಬೇಕಿತ್ತು. ಅದು ಕಲಿಸಿದವನ ತಪ್ಪು.”

ನಾನು, “ಸರ್, ಅವತ್ತು...” ಎಂದೆ. ಅವರು ಕಾದರು. ಪೂರ್ತಿ ನನ್ನ ಕಡೆ ತಿರುಗಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾದರು. ಎರಡು ಟ್ರಾಮ್ ಹೋದವು.

“ಅವತ್ತು ನಿಮ್ಮನ್ನು ಕಳಿಸಿಕೊಡಲು ಬರಬೇಕಾಗಿತ್ತು. ಜ್ವರ ಇತ್ತು” ಎಂದೆ.

“ಹೌದಾ. ಜ್ವರ ಬಂದರೆ ಮಲಗಬೇಕು” ಎಂದರು.

ಅವರನ್ನು ಮತ್ತೆ ನೋಡಿದ್ದು ಟಿಲ್‌ಬರ್ಗ್‌ನ ಚಿತಾಗಾರದಲ್ಲಿ. ಮಗಳು ಫೋನ್ ಮಾಡಿ, “ನಮ್ಮಲ್ಲಿ ಒಂದು ಪದ್ಧತಿ ಇದೆ, ಅದಕ್ಕೆ ಇಬ್ಬರು ಬೇಕು. ಇಲ್ಲಿ ನಮ್ಮವರು ಯಾರೂ ಇಲ್ಲ. ನೀನು ಬರುತ್ತೀಯಾ?” ಎಂದು ಕೇಳಿದ್ದಳು. ಇಲ್ಲಿ ಸುಟ್ಟ ಮೇಲೆ ಮೂಳೆಯನ್ನು ಯಂತ್ರದಲ್ಲಿ ಪುಡಿ ಮಾಡಿ ಕೊಡುತ್ತಾರೆ. ಅವಳು ಪುಡಿ ಮಾಡಬೇಡಿ ಎಂದು ಮೊದಲೇ ಬರೆದುಕೊಟ್ಟಿದ್ದಳು. ಸಿಬ್ಬಂದಿ ಒಂದು ಉದ್ದದ ಲೋಹದ ತಟ್ಟೆಯನ್ನು ತಳ್ಳಿಕೊಂಡು ಬಂದು ನಿಲ್ಲಿಸಿ, ಬಾಗಿಲು ಹಾಕಿಕೊಂಡು ಹೊರಗೆ ಹೋದರು. ಇನ್ನೂ ಬಿಸಿಯಿತ್ತು. ಅವಳು ನನಗೊಂದು ಜೊತೆ ಉದ್ದನೆಯ ಕಡ್ಡಿ ಕೊಟ್ಟಳು, ಒಂದು ಬಿದಿರಿನದು, ಒಂದು ಮರದ್ದು. ಇಬ್ಬರೂ ಸೇರಿ ಒಂದೇ ಮೂಳೆಯನ್ನು ಹಿಡಿದು ಎತ್ತಬೇಕು, ಮಡಕೆಗೆ ಇಡಬೇಕು. ಕಾಲಿನಿಂದ ಶುರು, ತಲೆ ಕೊನೆಗೆ. ಮಡಕೆಯೊಳಗೆ ಮನುಷ್ಯ ನೆಟ್ಟಗೆ ಕೂರಬೇಕು.

ಪಾದದ ಮೂಳೆಗಳು ಚಿಕ್ಕವು, ಜಾರುತ್ತವೆ. ಎರಡನ್ನು ಇಟ್ಟೆವು. ಮೂರನೆಯದು ನನ್ನ ಕಡ್ಡಿಯಿಂದ ಜಾರಿ ತಟ್ಟೆಗೆ ಬಿತ್ತು. ಅಲ್ಲೇ ಹೇಳಿದೆ. ಕೂಗಲಿಲ್ಲ, ಸುಳ್ಳು ಸಹಿ ಮಾಡಿದೆ, ನಿಮ್ಮಪ್ಪ ನನ್ನ ತಪ್ಪನ್ನು ಹೊತ್ತರು.

ಅವಳು ತಲೆ ಎತ್ತಲಿಲ್ಲ. ಬಿದ್ದ ಮೂಳೆಯನ್ನು ತನ್ನ ಕಡ್ಡಿಯಲ್ಲಿ ಹಿಡಿದು, ನಾನೂ ಹಿಡಿಯಲಿ ಎಂದು ಕಾದಳು. ಹಿಡಿದೆ. ಒಂದೊಂದಾಗಿ ಎಲ್ಲವನ್ನೂ ಇಟ್ಟೆವು. ಎಷ್ಟು ಹೊತ್ತಾಯಿತೋ ತಿಳಿಯದು. ತಲೆಯ ಚೂರನ್ನು ಇಟ್ಟು ಮುಚ್ಚಳ ಮುಚ್ಚಿದ ಮೇಲೆ ಹೇಳಿದಳು: “ನನಗೆ ಯಾಕೆ ಹೇಳಿದೆ? ಕಾಲು ಹೋದದ್ದು ನನ್ನದಲ್ಲ.”

ಮರುದಿನ ಕಂಪನಿಗೆ ಎಲ್ಲವನ್ನೂ ಬರೆದು ಕಳಿಸಿದೆ. ‘ಹುಚ್ಚಾ ನಿಂಗೆ? ಸತ್ತವರಿಗೆ ಏನಾಗ್ಬೇಕಿದೆ?’ ಎಂದು ಹರ್ಷ ಮೆಸೇಜ್ ಹಾಕಿದ. ಇದನ್ನು ಬರೆಯುವ ಹೊತ್ತಿಗೆ ನನ್ನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಪರ್ಮಿಟ್ ಉಳಿಯುವುದೋ ಇಲ್ಲವೋ ತಿಳಿಯದು. ಅಪ್ಪನಿಗೆ ಇನ್ನೂ ಹೇಳಿಲ್ಲ. ಅವನಿಗೆ ಓದಲು ಬರುವುದಿಲ್ಲವಾದ್ದರಿಂದ ಇದು ಅಚ್ಚಾದರೂ ನಾನೇ ಹೇಳಬೇಕು.

ಬರೆದು ಕಳಿಸಿದ ಮರುದಿನ ಬುಧವಾರ, ಬೆಳಿಗ್ಗೆ ಮಾರೆಕ್‌ನ ಮನೆಗೆ ಹೋದೆ. ಟಿಲ್‌ಬರ್ಗ್‌ನ ಉತ್ತರಕ್ಕೆ, ಎರಡನೇ ಮಹಡಿಯ ಫ್ಲ್ಯಾಟು. ಅವನ ಹೆಂಡತಿ ಬಾಗಿಲು ತೆಗೆದಳು. ಅವನು ಕಿಟಕಿಯ ಪಕ್ಕ ಕೂತಿದ್ದ, ಪ್ಯಾಂಟಿನ ಎಡಗಾಲನ್ನು ಮಡಚಿ ಪಿನ್ನು ಹಾಕಿತ್ತು. ಕೂರು ಎನ್ನಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ಅದಕ್ಕೆ ತಯಾರಾಗಿ ಹೋಗಿದ್ದೆ.

“ಆ ಮುದುಕ ಪ್ರತಿ ತಿಂಗಳ ಮೊದಲ ಶನಿವಾರ ಇಲ್ಲಿಗೆ ಬರುತ್ತಿದ್ದ” ಎಂದ. “ಎರಡು ವರ್ಷ. ಒಂದು ಸಲವೂ ನಾನು ಬಾಗಿಲು ತೆಗೆಯಲಿಲ್ಲ. ಕೆಳಗೆ ರಸ್ತೆಯಲ್ಲಿ ನಿಂತು ಈ ಕಿಟಕಿಗೆ ಬಾಗಿ ಹೋಗುತ್ತಿದ್ದ. ಒಂದು ಸಲ ಕಿಟಕಿ ತೆಗೆದು ಉಗಿದೆ.”

“ಬೇಡ ಅಂದಿದ್ದೆ ನಾನು” ಎಂದಳು ಹೆಂಡತಿ.

“ಬಿದ್ದದ್ದು ಅವನ ಟೋಪಿಯ ಮೇಲೆ. ಒರೆಸಿಕೊಳ್ಳಲಿಲ್ಲ.” ಮಾರೆಕ್ ನನ್ನನ್ನು ನೋಡುತ್ತಿರಲಿಲ್ಲ, ರಸ್ತೆಯನ್ನು ನೋಡುತ್ತಿದ್ದ. “ಈಗ ಎಲ್ಲಿದ್ದಾನೆ?”

“ಮಗಳ ಮನೆಯಲ್ಲಿ, ಮಡಕೆಯಲ್ಲಿ. ನಾಳೆ ಬೆಳಿಗ್ಗೆ ಅವಳು ಜಪಾನಿಗೆ ಒಯ್ಯುತ್ತಾಳೆ.”

ಅವನು ಪ್ಯಾಂಟಿನ ಪಿನ್ನು ಬಿಚ್ಚುತ್ತ ಹೆಂಡತಿಗೆ ಹೇಳಿದ: “ನನ್ನ ಕಾಲು ತಗೊಂಡು ಬಾ.”

ಅವಳು ಒಳಗೆ ಹೋದಳು. ನಾನು ಜಾಕೆಟ್ ಎತ್ತಿಕೊಂಡು, ದಾರಿ ತೋರಿಸುತ್ತೇನೆ, ಜೊತೆಗೆ ಬರುತ್ತೇನೆ ಎಂದೆ.

“ನೀನು ಬರಬೇಡ” ಎಂದ ಮಾರೆಕ್. “ವಿಳಾಸ ಬರೆದಿಟ್ಟು ಹೋಗು.”

ಬರೆದಿಟ್ಟು ಬಂದೆ.